ನೀರಾಟದ ಅಂಗಳಕ್ಕೆ ಗಾಲಿಕುರ್ಚಿ ಇಳಿಯಬೇಕಾದರೆ: ಹಣ ಹೊಂದಿಸುವ ಬಗೆ

ಪಾರ್ಕಿನ ನೀರಾಟದ ಅಂಗಳ ಅಂಗವಿಕಲ ಮಕ್ಕಳಿಗೂ ಸಿಗುವಂತೆ ಮಾಡಲು ಒಂದೇ ದೊಡ್ಡ ಅಂದಾಜುಪಟ್ಟಿ ಹಿಡಿದು ಕಚೇರಿ ಅಲೆಯಬೇಡಿ. ‘ಉದ್ಯಾನ ಅಭಿವೃದ್ಧಿ’ ಎಂದು ಹೋದ ಕಡತದಲ್ಲಿ ಮೊದಲು ಕತ್ತರಿ ಬೀಳುವುದೇ ರ‍್ಯಾಂಪಿಗೆ, ಕೈಕಂಬಿಗೆ. ಕೆಲಸವನ್ನು ಬಿಡಿಸಿ, ಒಂದೊಂದನ್ನೂ ಅದಕ್ಕೆ ಹೊಂದುವ ನಿಧಿಯ ಮುಂದಿಡಬೇಕು.

ಮೊದಲು ಅಳತೆ. ಗಾಲಿಕುರ್ಚಿ ಬಳಸುವವರೊಬ್ಬರ ಜೊತೆ ಟೇಪು ಹಿಡಿದು ರಸ್ತೆಯಿಂದ ನೀರಿನವರೆಗೆ ಹೋಗಿ. ಬೈಕು ನುಗ್ಗದಿರಲೆಂದು ಗೇಟಿಗೆ ಹಾಕಿದ ಅಡ್ಡಕಂಬಿಯೇ ಎಷ್ಟೋ ಕಡೆ ಮೊದಲ ತಡೆ; ಅಲ್ಲಿ ಕನಿಷ್ಠ 900 ಮಿ.ಮೀ. ತೆರವು ಬೇಕು. ರ‍್ಯಾಂಪ್ 1:12ಕ್ಕಿಂತ (ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ) ಕಡಿದಾಗಬಾರದು, ಕುರ್ಚಿ ತಿರುಗಲು 1500 ಮಿ.ಮೀ. ಜಾಗ ಇರಬೇಕು. ಎಲ್ಲರೂ ಮರೆಯುವುದು ನೀರು ಬಸಿಯುವ ಜಾಲರಿಯನ್ನು. ಅದರ ಸೀಳುಗಳು ಕುರ್ಚಿ ಸಾಗುವ ದಿಕ್ಕಿಗೇ ಇದ್ದರೆ ಮುಂದಿನ ಪುಟ್ಟ ಗಾಲಿ ಒಳಗೆ ಸಿಕ್ಕಿಕೊಂಡು, ಕೂತ ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಸೀಳು 12 ಮಿ.ಮೀ. ಮೀರದೆ, ದಾರಿಗೆ ಅಡ್ಡಲಾಗಿರಬೇಕು. ಚೌಕಾಕಾರದ ಜಾಲರಿಯಾದರೆ ತಿರುಗಿಸಿ ಕೂರಿಸಿದರೂ ಆಯಿತು. ಅಂಗಳಕ್ಕೆ ಪಾಲಿಶ್ ಗ್ರಾನೈಟ್ ಬೇಡವೇ ಬೇಡ.

ರ‍್ಯಾಂಪ್, ನೆಲ, ಶೌಚಾಲಯದಂಥ ಸಿವಿಲ್ ಕೆಲಸಕ್ಕೆ ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಮೀಸಲಾದ ಶೇ. 5ರ ನಿಧಿಯಿಂದ ಕೇಳಿ. ಆ ವರ್ಷದ ಕ್ರಿಯಾಯೋಜನೆಗೆ ಮಂಜೂರಾತಿ ಸಿಗುವ ಮೊದಲೇ ಅರ್ಜಿ ಒಳಗಿರಬೇಕು. ಪ್ರತಿ ಅಳತೆಯ ಪಕ್ಕದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನೂ ಎಲ್ಲರಿಗೂ ಸುಗಮ ಪ್ರವೇಶ ಕುರಿತ 2021ರ ಕೇಂದ್ರ ಮಾರ್ಗಸೂಚಿಯನ್ನೂ ನಮೂದಿಸಿ. ಆಗ ಅದನ್ನು ಅಲಂಕಾರದ ಖರ್ಚೆಂದು ಬದಿಗೆ ಸರಿಸುವುದು ಕಷ್ಟ. ಸಂಸದರ ನಿಧಿಯಲ್ಲೂ ಶಾಶ್ವತ ಆಸ್ತಿಯಾಗುವ ಕೆಲಸ ಕೇಳಬಹುದು, ನಿರ್ವಹಣೆಗೆ ಅಲ್ಲಿ ಹಣವಿಲ್ಲ.

ನೀರಿಗಿಳಿಸುವ ಕುರ್ಚಿ ಬೇರೆಯೇ ಬೇಕು, ಬ್ಯಾಟರಿ ಕುರ್ಚಿಯನ್ನು ನೆನೆಸುವಂತಿಲ್ಲ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ 2017ರಲ್ಲಿ ತೆರೆದ ಮಾರ್ಗನ್ಸ್ ಇನ್‌ಸ್ಪಿರೇಷನ್ ಐಲೆಂಡ್‌ನಲ್ಲಿ ಒತ್ತಿದ ಗಾಳಿಯಿಂದ ಓಡುವ ಕುರ್ಚಿಗಳೇ ಇವೆ. ನಮಗೆ ತುಕ್ಕು ಹಿಡಿಯದ, ಕೈಯಿಂದ ತಳ್ಳುವ ಕುರ್ಚಿ ಸಾಕು. ಸರ್ಕಾರಿ ಕಾಮಗಾರಿಗಳ ಎಸ್.ಆರ್. ದರಪಟ್ಟಿಯಲ್ಲಿಲ್ಲದ ಇಂಥ ಸಾಮಾನಿಗೆ ಮೂರು ಕೊಟೇಶನ್ ಲಗತ್ತಿಸಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಾದ ಸಿಎಸ್‌ಆರ್‌ಗೆ ಒಯ್ಯಿರಿ. ಈ ನಿಯಮಕ್ಕೆ ಒಳಪಡುವ ಕಂಪನಿಗಳು ಮೀಸಲಿಡುವುದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2, ಮಾರ್ಚಿನಲ್ಲಿ ಹೋದರೆ ಬಹುಪಾಲು ಹಂಚಿ ಮುಗಿದಿರುತ್ತದೆ. ಕೆಲಸ ಜಾರಿ ಮಾಡುವ ಸಂಸ್ಥೆಗೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಬೇಕು. ಈ ಹಣದಲ್ಲಿ ಆದ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ, ಒಪ್ಪಂದದಲ್ಲೇ ಅದನ್ನು ನಗರಸಭೆಗೆ ಬರೆಸಿ.

ಪಂಪು, ಕ್ಲೋರಿನ್, ಕುರ್ಚಿಯ ಬೇರಿಂಗು ಇವಕ್ಕೆ ಯಾವ ದಾನಿಯೂ ವರ್ಷವರ್ಷ ಕೊಡುವುದಿಲ್ಲ. ನಿರ್ವಹಣೆಯ ಮೊತ್ತವನ್ನು ಸ್ವಂತ ಬಜೆಟ್ಟಿನಲ್ಲಿ ಇಡುವುದಾಗಿ ನಗರಸಭೆಯಿಂದ ಠರಾವು ಮಾಡಿಸಿ, ಅದರ ಪ್ರತಿಯನ್ನು ಪ್ರತಿ ಅರ್ಜಿಯ ಜೊತೆಗಿಡಿ.