ಓವರ್‌ಕ್ಲಾಕ್ ಮಾಡಿದರೆ ವಿಮಾನ ಸ್ಮೂತ್ ಆಗ್ತದಾ? ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ

ಓವರ್‌ಕ್ಲಾಕ್ ಅಂದರೆ ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಮೇಲೆ ಓಡಿಸುವುದು. ಹಾಗೆ ಮಾಡಿದರೆ ಫ್ಲೈಟ್ ಸಿಮ್ಯುಲೇಟರ್ ಆಟದ ವಿಮಾನ ಸ್ಮೂತ್ ಆಗ್ತದಾ ಅಂತ ಪ್ರಶ್ನೆ. ಆಗ್ತದೆ, ಸ್ವಲ್ಪ. ಪ್ರೊಸೆಸರಿನ ವೇಗವನ್ನು ಶೇಕಡಾ ಎಷ್ಟು ಏರಿಸಿದಿರೋ ಹೆಚ್ಚೆಂದರೆ ಅಷ್ಟು. ಬಹಳ ಸಲ ಅಷ್ಟೂ ಇಲ್ಲ. ಇಷ್ಟು ಸಾಕಾದವರು ಇಲ್ಲಿಗೇ ನಿಲ್ಲಿಸಬಹುದು.

ಸಾಕಾಗುವುದಿಲ್ಲ ಅಂತ ನನಗೆ ಗೊತ್ತು. ಕಾಸರಗೋಡು ಕಡೆಯ ನಮ್ಮ ಬದಿಯಡ್ಕ ಪೇಟೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ. ಮೊನ್ನೆ ಒಂದು ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಬಂದವನೇ ಬಗ್ಗಿ ಕೇಳಿದ: "ಅಣ್ಣ, ಒಂಚೂರು ಓವರ್‌ಕ್ಲಾಕ್ ಮಾಡಿದ್ರೆ ಪುಕ್ಕಟೆ ಎಫ್‌ಪಿಎಸ್ ಸಿಗ್ತದಲ್ಲ, ಯಾಕೆ ಬಿಡುವುದು?"

ಎಫ್‌ಪಿಎಸ್ ಅಂದರೆ ಪರದೆ ಸೆಕೆಂಡಿಗೆ ತೋರಿಸುವ ಚಿತ್ರಗಳ, ಅಂದರೆ ಫ್ರೇಮುಗಳ ಲೆಕ್ಕ. ಹೆಚ್ಚಿದ್ದಷ್ಟು ಸ್ಮೂತ್. ನನಗೆ ಸಿಟ್ಟು ಬರುವುದು ಆ "ಪುಕ್ಕಟೆ"ಗೆ. ಪೆರ್ಲದ ಕಡೆಯ ಹುಡುಗನೊಬ್ಬ ಆಟಿ ತಿಂಗಳ ಮಳೆಯಲ್ಲಿ ಸಿಪಿಯು ಡಬ್ಬವನ್ನು ಟಾರ್ಪಾಲಿನಲ್ಲಿ ಸುತ್ತಿಕೊಂಡು ರಿಕ್ಷಾದಲ್ಲಿ ನನ್ನ ಮನೆಗೆ ತಂದದ್ದೂ ಇದೇ ಶಬ್ದವನ್ನು ಎಲ್ಲೋ ಕೇಳಿ. ಇಂಟೆಲ್ ಐ5-9600ಕೆ ಪ್ರೊಸೆಸರು. ಒಳಗಿನ ಆರೂ ಕೋರ್, ಅಂದರೆ ಲೆಕ್ಕ ಮಾಡುವ ಘಟಕಗಳು, ಒಟ್ಟಿಗೆ ದುಡಿಯುವಾಗ 4.3 ಗಿಗಾಹರ್ಟ್ಸ್‌ನಲ್ಲಿ ಓಡುವಂಥದ್ದು. ಇವನು ಬಯೋಸ್‌ಗೆ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗಿಗೆ ಹೋಗಿ 4.7 ಮಾಡಿದ್ದ, 1.2 ವೋಲ್ಟನ್ನು 1.3ಕ್ಕೆ ಏರಿಸಿದ್ದ. "ಏರಿಸಿದ ಮೇಲೆ ಮೊದಲಿಗಿಂತ ಕಡೆ ಆಗಿದೆ ಅಣ್ಣ" ಅಂದ.

ಮೈಕ್ರೋಸಾಫ್ಟ್‌ನ 2020ರ ಸಿಮ್ಯುಲೇಟರ್ ತೆರೆದು ಮಂಗಳೂರಿನ 24 ಹೆಸರಿನ ರನ್‌ವೇಗೆ ಇಳಿಸಲು ಹೇಳಿದೆ. ಎಫ್‌ಪಿಎಸ್ 26. ತಾಪಮಾನ 100 ಡಿಗ್ರಿ ಮುಟ್ಟಿ ವೇಗ 3.7ಕ್ಕೆ ಕುಸಿಯುತ್ತಿತ್ತು. ಆ ಪ್ರೊಸೆಸರು 100 ತಲುಪಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಮುಚ್ಚಳ ತೆಗೆದು ನೋಡಿದರೆ ಕೂಲರಿನ ರೆಕ್ಕೆಗಳ ನಡುವೆ ಅಡಿಕೆ ಸಿಪ್ಪೆಯ ನಾರಿನಂಥ ಧೂಳು ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರ ಕೆಳಗೆ ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟು ಎಲೆ ತಟ್ಟೆಯ ಅಂಚಿನಲ್ಲಿ ಒಣಗಿದ ಸುಣ್ಣದಂತೆ ಚಕ್ಕೆ ಚಕ್ಕೆ ಎದ್ದು ಬಂತು. ಹಳೆಯ ಬ್ರಷ್ಷಿನಲ್ಲಿ ಧೂಳು ತೆಗೆದು, ಹೊಸ ಪೇಸ್ಟು ಹಚ್ಚಿ, ಬಯೋಸನ್ನು ಮೊದಲಿನಂತೆ 4.3ಕ್ಕೆ ತಂದೆವು. ಅದೇ ರನ್‌ವೇ, ಅದೇ ಹವಾಮಾನ, ಅದೇ ಹೊತ್ತು. 31 ಬಂತು, 74 ಡಿಗ್ರಿಯಲ್ಲಿ.

"ಈಗ 4.7 ಮಾಡುವ" ಅಂದ. ಮಾಡಿದೆವು. 33. ಶೇಕಡಾ 9 ಏರಿಸಿದ್ದಕ್ಕೆ ಸಿಕ್ಕಿದ್ದು ಎರಡು ಫ್ರೇಮು. ಶಾಖ ಉತ್ಪತ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಜೊತೆಗೆ ವೇಗದ ಏರಿಕೆಯೂ ಸೇರುತ್ತದೆ. ಲೆಕ್ಕ ಹಾಕಿದರೆ ಸುಮಾರು ಶೇಕಡಾ 28 ಹೆಚ್ಚು ಬಿಸಿ. ಮೂರನೆಯ ಸಲ ಇಳಿಸುವಾಗ ನೆಲಕ್ಕೆ 300 ಅಡಿ ಇರುವಾಗ ಕಂಪ್ಯೂಟರ್ ಕೆಟ್ಟು ನಿಂತು ನೀಲಿ ಪರದೆ ಬಂತು. ಹುಡುಗನ ಕೈ ಜಾಯ್‌ಸ್ಟಿಕ್ ಮೇಲೆಯೇ ಉಳಿಯಿತು. ಮುಕ್ಕಾಲು ಗಂಟೆ ಹಾರಿಸಿ ತಂದ ವಿಮಾನ. ಪುಕ್ಕಟೆ ಅಂದರೆ ಇದಾ?

ಹಾಗಂತ ಓವರ್‌ಕ್ಲಾಕೇ ಸುಳ್ಳು ಅಂತ ನಾನು ಹೇಳುವುದಿಲ್ಲ. ಬೇರೆ ಆಟಗಳಿಗಿಂತ ಸಿಮ್ಯುಲೇಟರಿಗೆ ಪ್ರೊಸೆಸರಿನ ವೇಗ ಹೆಚ್ಚು ನಾಟುತ್ತದೆ, ಅದಕ್ಕೆ ಕಾರಣವೂ ಉಂಟು. ಅಡಿಕೆ ಸುಲಿಯಲು ಆರು ಜನ ಕೂತಿದ್ದರೂ ಅಂಗಳದಿಂದ ಗೋಣಿ ಹೊತ್ತು ತರುವವ ಒಬ್ಬನೇ ಆದರೆ ಅವನ ನಡಿಗೆಯಷ್ಟೇ ಕೆಲಸದ ವೇಗ. ಸಿಮ್ಯುಲೇಟರಿನಲ್ಲಿ ಆ ಒಬ್ಬನ ಹೆಸರು ಮೇನ್ ಥ್ರೆಡ್. ಮೈಕ್ರೋಸಾಫ್ಟ್‌ನದ್ದೇ ಹಳೆಯ ಸಿಮ್ಯುಲೇಟರ್, 2006ರ ಎಫ್‌ಎಸ್‌ಎಕ್ಸ್ ಕಾಲದಿಂದಲೂ ಇದೇ ಕಥೆ. ಡೆವಲಪರ್ ಮೋಡಿನಲ್ಲಿ ಎಫ್‌ಪಿಎಸ್ ಪಟ್ಟಿ ತೆರೆದರೆ ತಡೆಯುತ್ತಿರುವುದು ಮೇನ್ ಥ್ರೆಡ್ಡೋ ಚಿತ್ರ ಬಿಡಿಸುವ ಚಿಪ್ ಆದ ಜಿಪಿಯುವೋ ಅಂತ ಅಲ್ಲೇ ಬರೆದಿರುತ್ತದೆ. ಜಿಪಿಯು ಅಂತಿದ್ದರೆ ಪ್ರೊಸೆಸರಿನ ವೇಗ ಎಷ್ಟು ಏರಿಸಿದರೂ ಹೊತ್ತು ದಂಡ.

ಮೇನ್ ಥ್ರೆಡ್ ಅಂತಿದ್ದು, ನೀವು ಎಫ್‌ಪಿಎಸ್ ಮೇಲೇರದಂತೆ 30ಕ್ಕೆ ಲಾಕ್ ಮಾಡಿ ಹಾರಿಸುವವರಾಗಿದ್ದು, ಈಗ 29ರಲ್ಲಿ ತಡವರಿಸುತ್ತಿದ್ದರೆ ಮಾತ್ರ ಆ ಎರಡು ಫ್ರೇಮು ಚಿನ್ನ. 29 ಇದ್ದದ್ದು 31 ಆಗುವಷ್ಟಾದರೆ ಲಾಕ್ ಗಟ್ಟಿ ನಿಲ್ಲುತ್ತದೆ, ವಿಮಾನ ತಿರುಗುವಾಗ ಕ್ಷಿತಿಜ ಜರ್ಕ್ ಹೊಡೆಯುವುದಿಲ್ಲ. 50 ಇದ್ದದ್ದು 54 ಆದರೆ ನಿಮಗೂ ತಿಳಿಯದು, ನನಗೂ ತಿಳಿಯದು.

ಆ ಹುಡುಗನ ಡಬ್ಬದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಬೇರೆ. 3200ರ ರ್‍ಯಾಮ್ ಕೊಂಡಿದ್ದ, ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡದೆ ಅದು 2133ರಲ್ಲೇ ಓಡುತ್ತಿತ್ತು. ಆನ್ ಮಾಡಿದೆವು. ಪ್ರೊಸೆಸರ್ 4.3ರಲ್ಲೇ ಇರುವಾಗ 34. ನೆಲ ಎಷ್ಟು ವಿವರವಾಗಿ ಕಾಣಬೇಕೆಂಬ ಟೆರೇನ್ ಲೆವೆಲ್ ಆಫ್ ಡೀಟೇಲನ್ನು 200ರಿಂದ 120ಕ್ಕೆ ಇಳಿಸಿದಾಗ 40. ಮೆಮೊರಿ ಎಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಎಎಂಡಿ ಕಂಪನಿಯ 5800ಎಕ್ಸ್‌3ಡಿ ಪ್ರೊಸೆಸರ್ ನೋಡಿ. 2022ರಲ್ಲಿ ಬಂದ ಅದನ್ನು ಮಾಮೂಲು ದಾರಿಯಲ್ಲಿ ಓವರ್‌ಕ್ಲಾಕ್ ಮಾಡಲು ಕಂಪನಿಯೇ ಬಿಟ್ಟಿರಲಿಲ್ಲ. ಆದರೂ ಅದರ 96 ಎಂಬಿ ಎಲ್3 ಕ್ಯಾಶ್‌ನಿಂದಾಗಿ, ಅಂದರೆ ಪ್ರೊಸೆಸರಿನೊಳಗೇ ಇರುವ ವೇಗದ ಮೆಮೊರಿಯಿಂದಾಗಿ, ಸಿಮ್ಯುಲೇಟರಿನವರು ಹುಡುಕಿಕೊಂಡು ಹೋಗಿ ಕೊಂಡರು.

ಇಷ್ಟು ವರ್ಷದಲ್ಲಿ ನನಗೆ ಬೇಕಾದ ಪ್ರಶ್ನೆ ಕೇಳಿದ್ದು ಒಬ್ಬರೇ, ಪಕ್ಕದ ಮನೆಯ ಅಕ್ಕ. ಎಫ್‌ಪಿಎಸ್ ಅಂದರೆ ಎಂತ ಅಂತ ಅವರಿಗೆ ಗೊತ್ತಿಲ್ಲ. ಮಗ ದುಬೈಯಲ್ಲಿ. ಒಂದು ಸಂಜೆ ಬಾಗಿಲಲ್ಲಿ ನಿಂತು ಪರದೆ ನೋಡುತ್ತಾ ಕೇಳಿದರು: "ಅವ ಬರುವಾಗ ಮೇಲಿಂದ ನಮ್ಮ ಮನೆ ಕಾಣ್ತದಾ?"

ದುಬೈಯಿಂದ ಮಂಗಳೂರಿಗೆ ಬರುವ ವಿಮಾನ ಕಡಲ ಮೇಲಿಂದ ಬರುತ್ತದೆ, ನಮ್ಮ ಮನೆ ದಕ್ಷಿಣಕ್ಕೆ ಉಳಿಯುತ್ತದೆ ಅಕ್ಕ, ಕಾಣುವುದು ಕಷ್ಟ ಅಂದೆ. ಅವರ ಮುಖ ನೋಡಿ ಸುಮ್ಮನಿರಲು ಆಗಲಿಲ್ಲ. ಕುರ್ಚಿ ಎಳೆದು ಕೂರಿಸಿದೆ. ಸೆಸ್ನಾ 172 ತೆಗೆದುಕೊಂಡೆ, ಹಳೆಯ ಮುಳ್ಳಿನ ಮೀಟರುಗಳದ್ದು, ಪ್ರೊಸೆಸರಿಗೆ ಅದೊಂದು ಭಾರವೇ ಅಲ್ಲ. ಮಂಗಳೂರಿನಲ್ಲಿ ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ ಮುಗಿದದ್ದೇ ನೆಲ ಥಟ್ಟನೆ ಕೆಳಗೆ ಹೋಗುತ್ತದೆ. ಅಕ್ಕ ಕುರ್ಚಿಯ ಕೈ ಹಿಡಿದುಕೊಂಡರು. ಎಡಕ್ಕೆ ತಿರುಗಿಸಿದೆ. ನೇತ್ರಾವತಿ ಕಡಲು ಸೇರುವಲ್ಲಿ ಉಳ್ಳಾಲ, ಆಮೇಲೆ ತಲಪಾಡಿ, ಮಂಜೇಶ್ವರ, ಉಪ್ಪಳ. ಶಿರಿಯಾ ಹೊಳೆ ದಾಟಿ ಕುಂಬಳೆಯಲ್ಲಿ ಒಳನಾಡಿಗೆ ತಿರುಗಿದೆವು. ಉಪಗ್ರಹದ ಚಿತ್ರದಲ್ಲಿ ತೋಟಗಳು ಕಡು ಹಸಿರು, ನಡುನಡುವೆ ಕೆಂಪು ಮುರಕಲ್ಲಿನ ಗುಡ್ಡಗಳು.

"ನಿಧಾನ ಹೋಗು" ಅಂದರು. ಬದಿಯಡ್ಕದ ರಸ್ತೆ ಹಿಡಿದು, ಸಾವಿರ ಅಡಿಗೆ ಇಳಿಸಿ, ಸುತ್ತು ಹೊಡೆದೆ. ಅವರು ಪರದೆಗೆ ಬೆರಳು ಮುಟ್ಟಿಸಿ ಒಂದು ಹಂಚಿನ ಮಾಡು ತೋರಿಸಿದರು. ಅದು ಅವರದ್ದಲ್ಲ, ನನ್ನದು. ಅವರದ್ದು ಅದರ ಬಲಕ್ಕೆ, ತೆಂಗಿನ ಮರಗಳ ಅಡಿಯಲ್ಲಿ ಅರ್ಧ ಮುಚ್ಚಿತ್ತು. ಸಿಕ್ಕಿದ ಮೇಲೆ ಇನ್ನೂ ಎರಡು ಸುತ್ತು ಹೊಡೆಸಿದರು.