ಏಪ್ರಿಲ್ ಚಾಟ್ನಿ

ಚಿತ್ರದುರ್ಗದಲ್ಲಿ ಪಶ್ಚಿಮಕ್ಕೆ ಬಾಗಿಲಿರುವ ಮನೆಯವರ ಬೇಸಿಗೆಯ ಪಾಡು ಯಾರಿಗೂ ಬೇಡ. ನಮ್ಮ ಅಂಗಳಕ್ಕೆ ಹಾಸಿರುವುದು ಕಲ್ಲು ಚಪ್ಪಡಿ. ಹಗಲಿಡೀ ಕಾದದ್ದು ರಾತ್ರಿ ಊಟ ಮುಗಿದರೂ ಆರುವುದಿಲ್ಲ. ಪಕ್ಕದ ಮನೆಯವರು ತಗಡಿನ ಶೀಟು ಹಾಕಿಸಿದ್ದಾರೆ. ಅದರ ಕೆಳಗೆ ಸ್ಕೂಟರ್ ಸುಖವಾಗಿದೆ, ಮನುಷ್ಯರು ಕುಳಿತದ್ದನ್ನು ನಾನು ಕಂಡಿಲ್ಲ. ಅದಕ್ಕೇ ನಾವು ದ್ರಾಕ್ಷಿ ಚಪ್ಪರದ ಮೊರೆ ಹೋದೆವು.

ಕಲ್ಲುಕಂಬಕ್ಕೆ ಈ ಊರಿನಲ್ಲಿ ಬರವಿಲ್ಲ. ಒಂಬತ್ತು ಅಡಿಯ ಕಂಬಗಳನ್ನು ಎರಡು ಅಡಿ ಹೂತು, ಸುತ್ತ ದಪ್ಪ ತಂತಿ, ನಡುವೆ ತೆಳು ತಂತಿಯ ಚೌಕುಳಿ ಹೆಣೆಸಿದೆವು. ಕಷ್ಟವೆಲ್ಲ ಮೂಲೆಗಳಲ್ಲಿ. ಜೋಗಿಮಟ್ಟಿ ಬೆಟ್ಟದ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಗಾಳಿ ಹೊಕ್ಕರೆ ಎಲೆ ತುಂಬಿದ ಚಪ್ಪರ ಬಿಚ್ಚಿದ ಛತ್ರಿಯಂತೆ ಮೇಲೇಳುತ್ತದೆ. ಅದಕ್ಕಾಗಿ ಮೂಲೆಯ ಕಂಬಗಳನ್ನು ತುಸು ಹೊರಕ್ಕೆ ವಾಲಿಸಿ, ಆಚೆ ಹೂತ ಕಲ್ಲಿಗೆ ತಂತಿ ಎಳೆದು ಬಿಗಿದದ್ದಾಯಿತು. ಮೀಟಿದರೆ ತಂತಿ ಸದ್ದು ಮಾಡಬೇಕು ಎಂದಿದ್ದರು ಮೇಸ್ತ್ರಿ. ಮಾಡಿತು.

ನೆಟ್ಟದ್ದು ಬೆಂಗಳೂರು ನೀಲಿ ತಳಿ. ಬಳ್ಳಿಯ ನುಲಿಕುಡಿಗಳನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಎಲೆಯ ಎದುರಿಗೆ ಹುಟ್ಟಿ, ತಂತಿ ಸಿಕ್ಕೊಡನೆ ಸುತ್ತಿಕೊಂಡು, ಕೆಲವು ವಾರಗಳಲ್ಲಿ ಕತ್ತರಿಗೂ ಬಗ್ಗದಷ್ಟು ಗಟ್ಟಿಯಾಗುತ್ತವೆ. ಹೂಗೊಂಚಲು ಹುಟ್ಟುವ ಜಾಗವೂ ಅದೇ. ಒಂದು ಕಡೆಯಂತೂ ಅರ್ಧ ಕುಡಿ ತಂತಿಯನ್ನು ಹಿಡಿದಿತ್ತು, ಇನ್ನರ್ಧದಲ್ಲಿ ಮೂರು ಕಾಯಿ ಬಿಟ್ಟಿದ್ದವು.

ಚಪ್ಪರ ತುಂಬಿದ ಮೇಲೆ ಬಂದ ಏಪ್ರಿಲ್‌ನಲ್ಲಿ ಭಾವ ಬಂದರು. ಅವರದು ವಿಜಯಪುರದ ತಿಕೋಟಾ ಕಡೆ, ದ್ರಾಕ್ಷಿಯಲ್ಲೇ ಬೆಳೆದವರು. ಕಾಫಿ ಲೋಟ ಕೆಳಗಿಟ್ಟವರೇ ಕತ್ತರಿ ಕೇಳಿದರು. ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವುದಕ್ಕೆ ಅವರ ಕಡೆ ಚಾಟ್ನಿ ಎನ್ನುತ್ತಾರೆ.

“ಚಾಟ್ನಿಗೆ ಸಮಯ ಮೀರುತ್ತಿದೆಯಲ್ಲ ತಮ್ಮಾ, ಎಲ್ಲವನ್ನೂ ಬೋಳಿಸಬೇಕು.”

ಅಮ್ಮ ಅಳಿಯನಿಗೆ ಎದುರಾಡುವವಳಲ್ಲ. ನನ್ನತ್ತ ತಿರುಗಿ ಹೇಳಿದಳು: “ಅಳಿಯಂದಿರಿಗೆ ಹೇಳಪ್ಪ, ಹೊರಗೆ ಕೆಂಡದಂಥ ಬಿಸಿಲಿದೆ. ಹಣ್ಣು ಬೇಕೆಂದರೆ ಅವರ ಊರಿನದೇ ತಳ್ಳುಗಾಡಿಯಲ್ಲಿ ಬರುತ್ತದೆ. ನೆರಳು ಬರುತ್ತದೆಯೇ?”

ಭಾವನ ಲೆಕ್ಕವೂ ಸುಳ್ಳಲ್ಲ. ನಮ್ಮ ಹವೆಯಲ್ಲಿ ದ್ರಾಕ್ಷಿ ಚಳಿದೇಶಗಳಲ್ಲಿರುವಂತೆ ತಾನಾಗಿ ಎಲೆ ಉದುರಿಸಿ ಮಲಗುವುದಿಲ್ಲ. ಅದಕ್ಕೆ ಕತ್ತರಿಯೇ ಚಳಿಗಾಲ. ಏಪ್ರಿಲ್‌ನಲ್ಲಿ ಕತ್ತರಿಸಿದಾಗ ಹೊಸ ಕಡ್ಡಿ ಬರುತ್ತದೆ, ಬೇಸಿಗೆಯ ಬಿಸಿಲು ತಾಕಿ ಅದರ ಕಣ್ಣುಗಳಲ್ಲಿ ಗೊಂಚಲು ಮೊಳೆಯುತ್ತದೆ, ಅಕ್ಟೋಬರ್‌ನಲ್ಲಿ ಮತ್ತೆ ಕತ್ತರಿಸಿದಾಗ ಅದು ಹೊರಬೀಳುತ್ತದೆ. ಮೋಡದ ದಿನಗಳಲ್ಲಿ ಬೆಳೆದ ಕಡ್ಡಿಗೆ ಗೊಂಚಲು ಕಡಿಮೆ. ಅಂದರೆ ಬಳ್ಳಿಗೆ ಬಿಸಿಲು ಬೇಕಾದ ತಿಂಗಳಿನಲ್ಲೇ ನಮಗೆ ನೆರಳು ಬೇಕು. ಚಪ್ಪರ ಕಟ್ಟುವುದನ್ನು ಕಲಿಸುವ ಯಾರೂ ಇದನ್ನು ಮೊದಲೇ ಹೇಳುವುದಿಲ್ಲ, ಏಕೆಂದರೆ ಅವರೆಲ್ಲ ಬೆಳೆಗಾರರು. ಚಪ್ಪರದ ಕೆಳಗೆ ಮಂಚ ಹಾಕಿ ಮಲಗುವವರಲ್ಲ.

ಕೊನೆಗೆ ಚಪ್ಪರ ಪಾಲಾಯಿತು. ಗೋಡೆಗೆ ತಾಗಿದ ಅರ್ಧವನ್ನು ಭಾವ ಬೋಳಿಸಿದರು. ಇಳಿಬಿಸಿಲನ್ನು ತಡೆಯುವ ಬೀದಿ ಕಡೆಯ ಅರ್ಧ ಅಮ್ಮನಿಗೆ ಉಳಿಯಿತು. ಅದಕ್ಕೆ ನಾನು ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ ಕತ್ತರಿ ಹಾಕಿದೆ. ಈಗಲೂ ಅದೇ ಪದ್ಧತಿ. ಭಾವನ ಪಾಲಿನಲ್ಲಿ ಗೊಂಚಲು ಜೋರು, ಅರ್ಧಕ್ಕರ್ಧ ಪಿಕಳಾರಗಳಿಗೆ. ಅಮ್ಮನ ಪಾಲಿನಲ್ಲಿ ಎಲೆಯೇ ಎಲೆ, ಜೊತೆಗೆ ಮಳೆಗಾಲದ ಬೂಜು ರೋಗ. ಎಳೆಯ ಎಲೆಯ ಅಡಿ ಬಿಳಿ ಬೂಜು ಕಂಡರೆ ಅಡಿಕೆಯವರ ಬೋರ್ಡೋ ದ್ರಾವಣವೇ ಗತಿ: ಹತ್ತು ಲೀಟರ್ ನೀರಿಗೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ. ಸಿಂಪಡಿಸುವ ದಿನ ಅಮ್ಮ ಒಣಗಲು ಹಾಕಿದ ಬಟ್ಟೆಯನ್ನೆಲ್ಲ ಒಳಗೆ ಒಯ್ಯುತ್ತಾಳೆ. ಹೋದ ಸಲ ಮರೆತ ನನ್ನ ಬಿಳಿ ಪಂಚೆಯ ಮೇಲೆ ನೀಲಿ ಚುಕ್ಕೆಗಳು ಇನ್ನೂ ಇವೆ.