ದುರ್ಗದ ಹೊಂಡದ ಬಳಿ ಇಬ್ಬರು ಕೆಡೆಟ್‌ಗಳು

ಚಿತ್ರದುರ್ಗ ನನಗೆ ಹೊಸ ಊರಲ್ಲ. ದಾವಣಗೆರೆಯವರಿಗೆ ಅದು ಅರವತ್ತು ಕಿಲೋಮೀಟರ್ ಆಚೆಯ ನೆರೆಯೂರು. ಶಾಲೆಯ ಪ್ರವಾಸಕ್ಕೂ ಕೋಟೆ, ನೆಂಟರು ಬಂದರೂ ಕೋಟೆ. ಆದರೆ ಈ ಸಲ ಅಕ್ಕನ ಮಗಳು ಮತ್ತು ಅವಳ ಪೋಲೆಂಡಿನ ಗೆಳತಿಯ ಜೊತೆ ಹೋಗಿಬಂದದ್ದನ್ನು ಬರೆದಿಡಲೇಬೇಕೆನಿಸಿದೆ. ಅಕ್ಕ-ತಂಗಿ ಹೊಂಡದ ಬಳಿ ಕುಳಿತು ಅವರಿಬ್ಬರೂ ಆಡಿದ ಮಾತುಗಳು ಇನ್ನೂ ನನ್ನ ಮನಸ್ಸಿನಲ್ಲಿವೆ.

ಅಕ್ಕನ ಮಗಳು ಮುಂಬಯಿಯಲ್ಲಿ ಮರೈನ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆಯ ನೆರವಿನಿಂದ ಬಾಲ್ಟಿಕ್ ಸಮುದ್ರದ ದಡದಲ್ಲಿರುವ ಪೋಲೆಂಡಿನ ಗ್ಡಿನಿಯಾ ನಗರದಲ್ಲಿ ಒಂದು ಸೆಮಿಸ್ಟರ್ ಕಲಿತು ಬಂದವಳು. ಅಲ್ಲಿನ ಹಾಸ್ಟೆಲಿನಲ್ಲಿ ಅವಳ ಕೋಣೆಯನ್ನು ಹಂಚಿಕೊಂಡಿದ್ದ ಹುಡುಗಿ ಡೆಕ್ ಕೆಡೆಟ್, ಅಂದರೆ ಹಡಗನ್ನು ನಡೆಸುವ ವಿಭಾಗದಲ್ಲಿ ತರಬೇತಿ ಪಡೆಯುತ್ತಿರುವವಳು. ಒಬ್ಬಳು ಎಂಜಿನ್ ರೂಮಿಗೆ, ಇನ್ನೊಬ್ಬಳು ಹಡಗನ್ನು ನಡೆಸುವ ಕೋಣೆಯಾದ ಬ್ರಿಡ್ಜಿಗೆ ತಯಾರಾಗುತ್ತಿರುವವರು. ಜಗತ್ತಿನ ನಾವಿಕರಲ್ಲಿ ಹೆಂಗಸರ ಪಾಲು ಶೇಕಡಾ 1.28 ಮಾತ್ರ ಎಂದು ಹಡಗು ಉದ್ಯಮದ ಸಂಘಟನೆಗಳ 2021ರ ವರದಿ ಹೇಳುತ್ತದೆ. ಆ ಸಣ್ಣ ಪಾಲಿಗೆ ಸೇರಹೊರಟ ಇಬ್ಬರು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮಂಡಕ್ಕಿ-ಮಿರ್ಚಿ ತಿನ್ನುತ್ತಿದ್ದುದೇ ನನಗೊಂದು ಹೆಮ್ಮೆ.

ಬೆಳಗಿನ ಬಿಸಿಲೇರುವ ಮೊದಲೇ ಕೋಟೆ ಹತ್ತಬೇಕೆಂದು ಹಿಂದಿನ ರಾತ್ರಿಯೇ ದುರ್ಗಕ್ಕೆ ಹೋದೆವು. ಅಲ್ಲಿ ನಡೆದುದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ವಿದೇಶಿ ಅತಿಥಿ ಇದ್ದಾಳೆ ಎಂದು ಫೋನಿನಲ್ಲಿ ಸ್ಪಷ್ಟವಾಗಿ ತಿಳಿಸಿಯೇ ಕೋಣೆ ಕಾದಿರಿಸಿದ್ದರೂ, ರಾತ್ರಿ ಹತ್ತು ಗಂಟೆಗೆ ಬಾಗಿಲಲ್ಲಿ ನಿಂತಾಗ ಆ ವಸತಿಗೃಹದವರು ‘ಫಾರಿನರ್‌ಗೆ ಕೊಡಲ್ಲ’ ಎಂದು ಕೈಯಾಡಿಸಿದರು. ವಿದೇಶಿಯರು ತಂಗಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಫಾರ್ಮ್-ಸಿ ಎಂದೇ ರೂಢಿಯಲ್ಲಿರುವ ವಿವರಪತ್ರವನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು. ಆ ನೋಂದಣಿಯನ್ನು ಮಾಡಿಸಿಕೊಳ್ಳದವರು ಹೀಗೆ ಅತಿಥಿಯನ್ನೇ ಹೊರಗೆ ಕಳಿಸುತ್ತಾರೆ. ಇನ್ನೊಂದು ಕಡೆ ಕೋಣೆ ಸಿಕ್ಕಿತೆನ್ನಿ. ವಿನಿಮಯದ ಗೆಳೆಯರನ್ನು ಊರಿಗೆ ಕರೆಸುವವರು ‘ಫಾರ್ಮ್-ಸಿ ಹಾಕುತ್ತೀರಾ?’ ಎಂದೇ ಮೊದಲು ಕೇಳಬೇಕು, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳನ್ನು ಕೈಯಲ್ಲಿಟ್ಟುಕೊಳ್ಳಬೇಕು. ಮನೆಯಲ್ಲಿ ಉಳಿಸಿಕೊಂಡರೂ ಈ ಕೆಲಸ ತಪ್ಪುವುದಿಲ್ಲ. ದಾವಣಗೆರೆಯ ನಮ್ಮ ಮನೆಯಿಂದ ಅದನ್ನು ನಾನೇ ತುಂಬಿದ್ದೆ.

ಬೆಳಿಗ್ಗೆ ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನು ದಾಟಿ, ಒನಕೆ ಓಬವ್ವನ ಕಿಂಡಿಯನ್ನು ನೋಡಿ ಮೇಲೇರಿದೆವು. ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನು ನೋಡಿಯೇ ಪೋಲಿಷ್ ಹುಡುಗಿ ಗಾಳಿ ಬೀಸುವ ದಿಕ್ಕನ್ನು ಹೇಳಿದಳು. ಅಕ್ಕನ ಮಗಳ ಕಣ್ಣಾದರೋ ನೀರಿನ ಮೇಲಿತ್ತು. ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ನೀರು ಎತ್ತ ಹೊರಡುತ್ತದೆ, ಅಕ್ಕ-ತಂಗಿ ಹೊಂಡಕ್ಕೆ ಹೇಗೆ ಇಳಿಯುತ್ತದೆ, ಅಲ್ಲಿಂದ ಕೆಳಗಿನ ಊರಿನ ಸಂತೆ ಹೊಂಡದ ಕಡೆಗೆ ಹೇಗೆ ಹೋಗುತ್ತದೆ ಎಂದು ಬಂಡೆಯ ಮೇಲಿನ ಹರಿವಿನ ಗುರುತನ್ನು ಹಿಡಿದು ನಡೆಯುತ್ತ, ತನ್ನ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯತೊಡಗಿದಳು. ಎಷ್ಟೋ ಸಲ ಬಂದಿದ್ದರೂ ಈ ಹೊಂಡಗಳನ್ನು ನಾನು ಬಿಡಿಬಿಡಿಯಾಗಿಯೇ ನೋಡಿದ್ದೆ. ಮೇಲಿನದು ತುಂಬಿ ಕೆಳಗಿನದಕ್ಕೆ ಕೊಡುವ ಒಂದೇ ವ್ಯವಸ್ಥೆಯಾಗಿ ಅವು ನನಗೆ ಕಂಡದ್ದು ಅಂದೇ.

‘ಇದನ್ನು ಇವಳಿಂದ ನಾನೂ ಕಲಿತೆ’ ಎಂದಳು ಗೆಳತಿ. ಹಡಗಿಗೆ ಹೋದ ಎಂಜಿನ್ ಕೆಡೆಟ್ ಮೊದಲು ಮಾಡಬೇಕಾದ ಕೆಲಸ ಲೈನ್ ಟ್ರೇಸಿಂಗ್: ಇಂಧನ, ತಣ್ಣೀರು, ಎಣ್ಣೆ, ಹೀಗೆ ಪ್ರತಿ ಕೊಳವೆಯನ್ನೂ ಪಂಪಿನಿಂದ ಕೊನೆಯವರೆಗೆ ಹಿಂಬಾಲಿಸಿ, ವಾಲ್ವುಗಳನ್ನೆಲ್ಲ ಗುರುತಿಸಿ ಕೈಯಿಂದಲೇ ನಕ್ಷೆ ಬರೆಯುವುದು.

ಹಾಗಾದರೆ ನಿನ್ನಿಂದ ಇವಳು ಏನು ಕಲಿತಳು ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗೆಳತಿಯೇ ಹೇಳಿದಳು. ಅಲ್ಲಿ ಬ್ರಿಡ್ಜಿನ ಮತ್ತು ಎಂಜಿನ್ ರೂಮಿನ ಸಿಮ್ಯುಲೇಟರುಗಳನ್ನು ಜೋಡಿಸಿ ಅಭ್ಯಾಸ ಮಾಡಿಸುತ್ತಿದ್ದರಂತೆ. ಹಡಗು ಬಂದರನ್ನು ಪ್ರವೇಶಿಸುತ್ತಿದ್ದಾಗ ಎಂಜಿನ್ನಿನ ಸವೆತ ತಡೆಯುವ ಲ್ಯೂಬ್ ಆಯಿಲ್‌ನ ಒತ್ತಡ ಇಳಿಯುತ್ತಿರುವುದನ್ನು ನಮ್ಮ ಹುಡುಗಿ ಎಲ್ಲರಿಗಿಂತ ಮೊದಲು ಕಂಡಳು, ಆದರೆ ಚೀಫ್ ಎಂಜಿನಿಯರನ ಜಾಗದಲ್ಲಿ ಹಿರಿಯ ವಿದ್ಯಾರ್ಥಿ ನಿಂತಿದ್ದನೆಂದು ಬಾಯಿ ಬಿಡಲಿಲ್ಲ. ಎಂಜಿನ್ ನಿಂತಿತು, ಪರದೆಯ ಮೇಲಿನ ಹಡಗು ಬಂದರಿನ ಕಟ್ಟೆಗೆ ಹೊಡೆಯಿತು. ಮೊದಲು ಕಂಡವರು ಯಾರೆಂದು ಅಧ್ಯಾಪಕರು ಕೇಳಿದಾಗ ಇವಳು ಕೈ ಎತ್ತಿದಳು. ಅವರು ಗದರಲಿಲ್ಲ, ಮರುದಿನ ಅದೇ ಅಭ್ಯಾಸವನ್ನು ಮತ್ತೆ ಮಾಡಿಸಿದರು.

‘ದೊಡ್ಡವರು ನೋಡ್ಕೋತಾರೆ ಅಂದ್ಕೊಂಡೆ ಚಿಕ್ಕಮ್ಮ’ ಎಂದಳು ಅಕ್ಕನ ಮಗಳು. ‘ಮಾರನೇ ದಿನ ಕೂಗಿ ಹೇಳಿದೆ. ಅವನು ತಿರುಗಿ ಥ್ಯಾಂಕ್ಸ್ ಅಂದ.’

ನಮ್ಮ ಮನೆಗಳಲ್ಲಿ ಎದುರು ಮಾತಾಡದ ಮಗುವೇ ಒಳ್ಳೆಯ ಮಗು. ಎಂಜಿನ್ ರೂಮಿನಲ್ಲಿ ಆ ಒಳ್ಳೆಯತನ ಜೀವ ತೆಗೆಯಬಹುದು. ನಾವಿಕರ ತರಬೇತಿಗೆ ಜಗತ್ತಿಗೆಲ್ಲ ಒಂದೇ ಅಳತೆಯನ್ನು ಕೊಟ್ಟದ್ದು 1978ರ ಎಸ್‌ಟಿಸಿಡಬ್ಲ್ಯು ಒಪ್ಪಂದ. 2010ರಲ್ಲಿ ಮನಿಲಾದಲ್ಲಿ ಒಪ್ಪಿ 2012ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಗಳು ತಂಡವಾಗಿ ಕೆಲಸ ಮಾಡುವುದನ್ನೂ, ಸಂಶಯವನ್ನು ಧೈರ್ಯವಾಗಿ ಹೇಳುವುದನ್ನೂ ಕಡ್ಡಾಯ ಕಲಿಕೆಗೆ ಸೇರಿಸಿವೆ. ಪನಾಮಾ ಅಥವಾ ಲೈಬೀರಿಯಾದ ಬಾವುಟದ ಹಡಗಿನಲ್ಲಿ ನಾಲ್ಕು ದೇಶದವರು ಒಟ್ಟಿಗೆ ದುಡಿಯುವಾಗ, ಪರದೇಶದ ಹಿರಿಯನಿಗೆ ತಡೆಯಿರಿ ಎನ್ನುವುದನ್ನು ಊರಿನ ತರಗತಿಯಲ್ಲಿ ಕುಳಿತು ಕಲಿಯಲಾಗದು. ವಿನಿಮಯಕ್ಕೆ ಖರ್ಚು ಮಾಡುವುದು ದುಂದೆಂದು ಅಕ್ಕನೆದುರು ವಾದಿಸುವ ನೆಂಟರಿಗೆ ನಾನೀಗ ಈ ಪ್ರಸಂಗವನ್ನೇ ಹೇಳುತ್ತೇನೆ.

ಸಮುದ್ರ ನೋಡಲು ಘಟ್ಟ ಇಳಿಯಬೇಕಾದ ಊರಿನವಳೆಂದು ಅಲ್ಲಿ ಮೊದಮೊದಲು ಅಕ್ಕನ ಮಗಳಿಗೆ ಸಂಕೋಚವಿತ್ತಂತೆ. ಗೆಳತಿ ಅದನ್ನು ಬಿಡಿಸಿದ್ದು ತನ್ನ ದೇಶದ ಚರಿತ್ರೆಯನ್ನು ಹೇಳಿ: ಪೋಲೆಂಡಿನ ನೌಕಾ ಶಾಲೆ 1920ರಲ್ಲಿ ಶುರುವಾದದ್ದು ಕಡಲ ದಡದಲ್ಲಲ್ಲ, ವಿಸ್ತುಲಾ ನದಿಯ ಬದಿಯ ಚೆಫ್ ಎಂಬ ಪಟ್ಟಣದಲ್ಲಿ, ಗ್ಡಿನಿಯಾಕ್ಕೆ ಅದು ಬಂದದ್ದು 1930ರಲ್ಲಿ.

ಕಾಗದಪತ್ರದ ಕಷ್ಟವನ್ನೂ ಹೇಳದಿದ್ದರೆ ಸರಿಯಾಗದು. ವಿದ್ಯಾರ್ಥಿ, ಕಳಿಸುವ ಕಾಲೇಜು, ಕರೆಸಿಕೊಳ್ಳುವ ಕಾಲೇಜು, ಈ ಮೂವರೂ ಸಹಿ ಹಾಕುವ ಲರ್ನಿಂಗ್ ಅಗ್ರಿಮೆಂಟ್ ಇದ್ದರೂ, ಅಲ್ಲಿ ಪಾಸಾದ ಕೆಲವು ವಿಷಯಗಳನ್ನು ಅವಳು ಮರಳಿ ಬಂದು ಇಲ್ಲಿ ಮತ್ತೆ ಬರೆಯಬೇಕಾಯಿತು. ಹಡಗಿನ ಕೋರ್ಸುಗಳ ಪಠ್ಯಕ್ಕೂ ವರ್ಕ್‌ಶಾಪಿನ ಗಂಟೆಗಳಿಗೂ ಸರ್ಕಾರದ ಒಪ್ಪಿಗೆ ಬೇಕಾದ್ದರಿಂದ ಕಾಲೇಜುಗಳು ಹಿಂಜರಿಯುತ್ತವೆ, ಅದು ಅರ್ಥವಾಗುತ್ತದೆ; ಆದರೆ ಯಾವುದನ್ನು ಒಪ್ಪುವುದಿಲ್ಲವೆಂದು ಹೊರಡುವ ಮೊದಲೇ ಹೇಳಬಹುದಿತ್ತು. ತೊಂಬತ್ತು ದಿನಕ್ಕಿಂತ ಹೆಚ್ಚು ಉಳಿಯುವವರಿಗೆ ಷೆಂಗೆನ್ ವೀಸಾ ಸಾಲದು, ಆ ದೇಶದ ರಾಷ್ಟ್ರೀಯ ವೀಸಾವೇ ಬೇಕು. ಅದಕ್ಕೂ ಸಮಯ ಹಿಡಿಯುತ್ತದೆ.

ಮಧ್ಯಾಹ್ನ ಮಾರಿಕಣಿವೆಗೆ ಹೋದೆವು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಟ್ಟೆಯ ಮೇಲೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ, ಏಕೆಂದರೆ ಗೆಳತಿ ಹಿರಿಯೂರಿನಿಂದ ಬೆಂಗಳೂರಿನ ಬಸ್ಸು ಹಿಡಿಯಬೇಕಿತ್ತು. ಅಧಿಕಾರಿಯಾಗುವ ಮೊದಲು ಅವಳು ಪೂರೈಸಬೇಕಾದ ಹನ್ನೆರಡು ತಿಂಗಳ ಸಮುದ್ರ ಸೇವೆಯಲ್ಲಿ ಇನ್ನೂ ಅರ್ಧ ಬಾಕಿಯಿದೆ. ನಾವಿಬ್ಬರೂ ದಾವಣಗೆರೆಗೆ ಮರಳುವಾಗ, ಮುಂದಿನ ವರ್ಷ ಗ್ಡಿನಿಯಾಕ್ಕೆ ಅರ್ಜಿ ಹಾಕಲಿರುವ ಕಿರಿಯ ವಿದ್ಯಾರ್ಥಿನಿಯೊಬ್ಬಳ ಫೋನ್ ಬಂತು. ಯಾವ ವಿಷಯಕ್ಕೆ ಯಾವ ವಿಷಯವನ್ನು ಸಮವೆಂದು ಒಪ್ಪುತ್ತಾರೆಂದು ಕಾಲೇಜಿನಿಂದ ಮೊದಲೇ ಬರೆಸಿಕೊಳ್ಳಬೇಕೆಂಬುದನ್ನು, ಒಂದೊಂದೇ ವಿಷಯದ ಹೆಸರು ಹಿಡಿದು, ಭರಮಸಾಗರ ದಾಟುವವರೆಗೂ ಅಕ್ಕನ ಮಗಳು ಆ ಹುಡುಗಿಗೆ ವಿವರಿಸುತ್ತಲೇ ಇದ್ದಳು.